ಮೊಜಾಂಬಿಕ್ ರಾಯಭಾರ ಕಚೇರಿಯೂ ನಮ್ಮ ತೊಗರಿಯ ಧಾರಣೆಯೂ

ತೊಗರಿಯ ಧಾರಣೆ ಇಳಿದ ವರ್ಷ ಹಳ್ಳಿಯ ಕಟ್ಟೆಯ ಮೇಲೆ ತಪ್ಪದೆ ಕೇಳಿಬರುವ ಮಾತೊಂದಿದೆ: "ಹೊರದೇಶದ ತೊಗರಿ ಬಂತಂತೆ." ಅದು ಯಾವ ದೇಶದಿಂದ ಬಂತು, ಎಷ್ಟು ಬಂತು, ಯಾರ ಮಾತಿನ ಮೇಲೆ ಬಂತು ಎಂದು ಕೇಳಿದರೆ ಉತ್ತರ ಹೇಳುವವರು ಕಡಿಮೆ. ಕಲಬುರಗಿ, ವಿಜಯಪುರ, ಬೀದರ್, ಯಾದಗಿರಿ ಜಿಲ್ಲೆಗಳ ತೊಗರಿ ಬೆಳೆಗಾರರು ಇದನ್ನು ತಿಳಿದುಕೊಳ್ಳುವುದು ಅಗತ್ಯ. ಏಕೆಂದರೆ ನಿಮ್ಮ ಕಣದ ರಾಶಿಗೆ ಬರುವ ಬೆಲೆಯಲ್ಲಿ ಆಫ್ರಿಕದ ಮೊಜಾಂಬಿಕ್ ಎಂಬ ದೇಶಕ್ಕೂ, ದೆಹಲಿಯಲ್ಲಿರುವ ಅದರ ರಾಯಭಾರ ಕಚೇರಿಗೂ ಒಂದು ಪಾಲಿದೆ.

ಈ ಲೇಖನದಲ್ಲಿ ಆ ದೇಶ, ಅಲ್ಲಿಯ ತೊಗರಿ, ಅದು ನಮ್ಮ ಸರ್ಕಾರದೊಡನೆ ಮಾಡಿಕೊಂಡ ಒಪ್ಪಂದ ಮತ್ತು ಆ ಒಪ್ಪಂದದಿಂದ ಎರಡೂ ಕಡೆಯ ರೈತರಿಗೆ ಆದದ್ದೇನು ಎಂಬುದನ್ನು ವಿವರಿಸಲಾಗಿದೆ. ಕೊನೆಯಲ್ಲಿ ನಾವು ಮಾಡಬಹುದಾದ ಕೆಲವು ಕೆಲಸಗಳನ್ನೂ ಸೂಚಿಸಲಾಗಿದೆ.

ರಾಯಭಾರ ಕಚೇರಿ ಮಾಡುವ ಕೆಲಸವೇನು?

ರಾಯಭಾರಿ ಎಂದರೆ ಔತಣಕೂಟಗಳಿಗೆ ಹೋಗುವ ದೊಡ್ಡ ಮನುಷ್ಯ ಎಂದು ಹಲವರು ತಿಳಿದಿದ್ದಾರೆ. ಅದು ಅರ್ಧ ಸತ್ಯವೂ ಅಲ್ಲ. ೧೯೬೧ರಲ್ಲಿ ವಿಯೆನ್ನಾ ನಗರದಲ್ಲಿ ಜಗತ್ತಿನ ದೇಶಗಳು ಸೇರಿ ರಾಯಭಾರದ ಬಗ್ಗೆ ಒಂದು ಒಡಂಬಡಿಕೆ ಮಾಡಿಕೊಂಡವು. ಅದರಲ್ಲಿ ರಾಯಭಾರ ಕಚೇರಿಯ ಕೆಲಸಗಳನ್ನು ಸ್ಪಷ್ಟವಾಗಿ ಹೇಳಲಾಗಿದೆ. ತನ್ನ ದೇಶದ ಪರವಾಗಿ ನಿಲ್ಲುವುದು, ತನ್ನ ದೇಶದವರ ಹಿತ ಕಾಯುವುದು, ಆ ನಾಡಿನ ಸರ್ಕಾರದೊಡನೆ ಮಾತುಕತೆ ನಡೆಸುವುದು, ಅಲ್ಲಿಯ ಪರಿಸ್ಥಿತಿಯನ್ನು ನ್ಯಾಯವಾದ ಮಾರ್ಗದಿಂದ ತಿಳಿದು ತನ್ನ ಸರ್ಕಾರಕ್ಕೆ ವರದಿ ಕಳಿಸುವುದು, ಎರಡು ದೇಶಗಳ ಆರ್ಥಿಕ ಸಂಬಂಧವನ್ನು ಬೆಳೆಸುವುದು, ಇವೇ ಆ ಕೆಲಸಗಳು.

ಇದನ್ನು ನಮ್ಮ ಮಾತಿನಲ್ಲಿ ಹೀಗೆ ಹೇಳಬಹುದು. ನಿಮ್ಮ ಊರಿನ ಮಾಲನ್ನು ದೂರದ ಪೇಟೆಯಲ್ಲಿ ಮಾರಬೇಕಾದರೆ ಅಲ್ಲಿ ನಿಮ್ಮವನೊಬ್ಬ ಇರಬೇಕು. ಪೇಟೆಯಲ್ಲಿ ಯಾವ ಮಾಲಿಗೆ ಕೊರತೆ ಇದೆ, ಯಾವ ಹೊಸ ನಿಯಮ ಬರಲಿದೆ, ಖರೀದಿದಾರ ಎಂಥವನು ಎಂಬುದನ್ನು ಅವನು ನೋಡಿ ನಿಮಗೆ ತಿಳಿಸಬೇಕು. ತಕರಾರು ಬಂದಾಗ ನಿಮ್ಮ ಪರವಾಗಿ ಮಾತನಾಡಬೇಕು. ಒಂದು ದೇಶಕ್ಕೆ ಇನ್ನೊಂದು ದೇಶದಲ್ಲಿ ಇರುವ ಇಂಥ ಮನೆಯೇ ರಾಯಭಾರ ಕಚೇರಿ. ಮಾಲನ್ನು ಕೊಳ್ಳುವುದೂ ಮಾರುವುದೂ ಅದರ ಕೆಲಸವಲ್ಲ. ಕೊಳ್ಳುವವನಿಗೂ ಮಾರುವವನಿಗೂ ದಾರಿ ಮಾಡಿಕೊಡುವುದು ಅದರ ಕೆಲಸ.

ಕಾಮನ್‌ವೆಲ್ತ್ ಕೂಟಕ್ಕೆ ಸೇರಿದ ದೇಶಗಳು ಒಂದು ಇನ್ನೊಂದರಲ್ಲಿ ಇಟ್ಟುಕೊಳ್ಳುವ ಇಂಥ ಕಚೇರಿಗೆ ಹೈಕಮಿಷನ್ ಎಂದು ಹೆಸರು. ಮೊಜಾಂಬಿಕ್ ೧೯೯೫ರಲ್ಲಿ ಈ ಕೂಟಕ್ಕೆ ಸೇರಿತು. ಆದ್ದರಿಂದ ದೆಹಲಿಯಲ್ಲಿರುವ ಅದರ ಕಚೇರಿಯೂ, ಮಪುಟೊದಲ್ಲಿರುವ ನಮ್ಮ ಕಚೇರಿಯೂ ಹೈಕಮಿಷನ್‌ಗಳೇ. ಹೆಸರು ಬೇರೆಯಾದರೂ ಕೆಲಸ ಒಂದೇ.

ಮೊಜಾಂಬಿಕ್ ಎಂಥ ದೇಶ?

ಆಫ್ರಿಕ ಖಂಡದ ಆಗ್ನೇಯ ಕರಾವಳಿಯಲ್ಲಿ, ಹಿಂದೂ ಮಹಾಸಾಗರಕ್ಕೆ ಮುಖಮಾಡಿ ಉದ್ದಕ್ಕೆ ಚಾಚಿಕೊಂಡಿರುವ ದೇಶ ಮೊಜಾಂಬಿಕ್. ರಾಜಧಾನಿ ಮಪುಟೊ ದಕ್ಷಿಣದ ತುದಿಯಲ್ಲಿದೆ. ತೊಗರಿ ಬೆಳೆಯುವ ಜಾಂಬೆಜಿಯಾ ಮತ್ತು ನಂಪುಲ ಪ್ರಾಂತಗಳು ಉತ್ತರದ ಕಡೆಗಿವೆ. ನಂಪುಲ ಪ್ರಾಂತದಲ್ಲಿರುವ ನಕಾಲಾ ಬಂದರು ಆಳವಾದ ನೀರಿರುವ ಸಹಜ ಬಂದರು. ಅಲ್ಲಿಂದಲೇ ತೊಗರಿಯ ಬಹುಭಾಗ ಹಡಗು ಹತ್ತುತ್ತದೆ.

ಗೋವೆಯಂತೆ ಈ ದೇಶವೂ ನೂರಾರು ವರ್ಷ ಪೋರ್ಚುಗೀಸರ ಕೈಕೆಳಗಿತ್ತು. ಗೋವೆ ೧೯೬೧ರಲ್ಲಿ ಬಿಡುಗಡೆಯಾಯಿತು. ಮೊಜಾಂಬಿಕ್ ೧೯೭೫ರ ಜೂನ್ ೨೫ರಂದು ಸ್ವತಂತ್ರವಾಯಿತು. ಆದರೆ ಸ್ವಾತಂತ್ರ್ಯ ಬಂದ ಎರಡೇ ವರ್ಷಕ್ಕೆ ಒಳಯುದ್ಧ ಹತ್ತಿಕೊಂಡಿತು. ಅದು ನಿಂತದ್ದು ೧೯೯೨ರಲ್ಲಿ. ಹದಿನೈದು ವರ್ಷ ಹೊಲಗಳು ಬೀಳುಬಿದ್ದವು, ರಸ್ತೆಗಳು ಹಾಳಾದವು, ನೆಲದಲ್ಲಿ ಹುಗಿದ ಸಿಡಿಮದ್ದುಗಳನ್ನು ತೆಗೆಯುವುದಕ್ಕೇ ಎಷ್ಟೋ ವರ್ಷ ಹಿಡಿಯಿತು. ಇಂಥ ದೇಶದ ಬಡ ರೈತನಿಗೆ ರೊಕ್ಕ ತರುವ ಬೆಳೆಗಳು ಕೆಲವೇ. ಹತ್ತಿ, ಗೋಡಂಬಿ, ಎಳ್ಳು, ತಂಬಾಕಿನ ಸಾಲಿಗೆ ಇತ್ತೀಚಿನ ದಶಕಗಳಲ್ಲಿ ತೊಗರಿಯೂ ಸೇರಿತು.

ಗುಜರಾತಿನ ಕರಾವಳಿಯ ವರ್ತಕರಿಗೂ ಮೊಜಾಂಬಿಕ್‌ಗೂ ಶತಮಾನಗಳ ಹಿಂದಿನಿಂದ ವ್ಯಾಪಾರ ನಡೆದುಬಂದಿದೆ. ಇಂದಿಗೂ ಅಲ್ಲಿಯ ಪಟ್ಟಣಗಳಲ್ಲಿ ಭಾರತೀಯ ಮೂಲದ ವರ್ತಕರು ಅಂಗಡಿ, ಗೋದಾಮು ಇಟ್ಟುಕೊಂಡಿದ್ದಾರೆ. ತೊಗರಿಯ ವ್ಯಾಪಾರ ಬೇಗ ಬೆಳೆದದ್ದಕ್ಕೆ ಈ ಹಳೆಯ ನಂಟೂ ಒಂದು ಕಾರಣ.

ಅಲ್ಲಿಯ ತೊಗರಿ, ಇಲ್ಲಿಯ ತೊಗರಿ

ತೊಗರಿಯ ತವರು ಭಾರತ. ಬಹು ಹಿಂದೆಯೇ ಅದು ಪೂರ್ವ ಆಫ್ರಿಕಕ್ಕೆ ಹೋಗಿ ಅಲ್ಲಿಯದೇ ಬೆಳೆಯಾಗಿಬಿಟ್ಟಿದೆ. ತಾಂಜಾನಿಯದಲ್ಲಿ ಅದನ್ನು ಎಂಬಾಜಿ ಎನ್ನುತ್ತಾರೆ, ಮಲಾವಿಯಲ್ಲಿ ಅದು ನಂಡೋಲೊ. ಹೈದರಾಬಾದಿನ ಬಳಿಯ ಪಟಾಂಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳು ಪೂರ್ವ ಮತ್ತು ದಕ್ಷಿಣ ಆಫ್ರಿಕದ ದೇಶಗಳಲ್ಲಿಯೂ ಕೆಲಸ ಮಾಡಿ ಸೊರಗು ರೋಗ ತಾಳುವ, ದಪ್ಪ ಕಾಳಿನ ದೀರ್ಘಾವಧಿ ತಳಿಗಳನ್ನು ಕೊಟ್ಟಿದ್ದಾರೆ. ನಮ್ಮಲ್ಲಿ ಹೆಸರಾದ ಮಾರುತಿ, ಆಶಾ ತಳಿಗಳ ಹಿಂದೆ ಇದ್ದದ್ದೂ ಇದೇ ಸಂಸ್ಥೆ.

ಕಲಬುರಗಿಯ ಗಂಜಿನಲ್ಲಿ ಅಡತಿ ಅಂಗಡಿಯವರ ಬಾಯಲ್ಲಿ ಗಜ್ರಿ, ಅರುಷಾ, ಮತ್ವಾರಾ, ಲೆಮನ್ ಎಂಬ ಹೆಸರುಗಳನ್ನು ನೀವು ಕೇಳಿರಬಹುದು. ಇವು ನಮ್ಮ ತಳಿಗಳಲ್ಲ. ಗಜ್ರಿ ಮೊಜಾಂಬಿಕ್ ಕಡೆಯ ಮಾಲು. ಅರುಷಾ ಮತ್ತು ಮತ್ವಾರಾ ತಾಂಜಾನಿಯದವು. ಲೆಮನ್ ಎಂಬುದು ಬರ್ಮಾ ದೇಶದ್ದು. ದಾಲ್ ಮಿಲ್ಲಿನವರು ಇವುಗಳ ಧಾರಣೆಯನ್ನು ನಮ್ಮ ಮಾಲಿನ ಧಾರಣೆಯ ಪಕ್ಕದಲ್ಲಿಟ್ಟು ನೋಡಿಯೇ ಖರೀದಿಗೆ ಇಳಿಯುತ್ತಾರೆ.

ಇಲ್ಲಿ ಒಂದು ಮುಖ್ಯ ವಿಷಯವನ್ನು ಗಮನಿಸಬೇಕು. ತೊಗರಿ ಹಗಲು ಕಿರಿದಾಗುತ್ತ ಬರುವ ಕಾಲದಲ್ಲಿ ಹೂ ಬಿಡುವ ಬೆಳೆ. ನಮ್ಮಲ್ಲಿ ಜೂನ್ ನಂತರ ಹಗಲು ಕಿರಿದಾಗುತ್ತದೆ. ಮುಂಗಾರಿನಲ್ಲಿ ಬಿತ್ತಿದ ತೊಗರಿ ದಸರಾ-ದೀಪಾವಳಿಯ ಸುಮಾರಿಗೆ ಹೂವಾಗಿ ಡಿಸೆಂಬರ್, ಜನವರಿಯಲ್ಲಿ ರಾಶಿಗೆ ಬರುತ್ತದೆ. ಮೊಜಾಂಬಿಕ್ ಭೂಮಧ್ಯರೇಖೆಯ ದಕ್ಷಿಣಕ್ಕಿರುವುದರಿಂದ ಅಲ್ಲಿ ಎಲ್ಲವೂ ತಿರುಗುಮುರುಗು. ಅಲ್ಲಿಯ ಮಳೆಗಾಲ ಆರಂಭವಾಗುವುದು ನವೆಂಬರ್, ಡಿಸೆಂಬರ್ ಹೊತ್ತಿಗೆ. ಆಗ ಮೆಕ್ಕೆಜೋಳದ ಜೊತೆ ಬಿತ್ತಿದ ತೊಗರಿ ಮೇ, ಜೂನ್ ವೇಳೆಗೆ ಹೂವಾಗಿ ಜುಲೈನಿಂದ ಸೆಪ್ಟೆಂಬರ್‌ವರೆಗೆ ಕೊಯ್ಲಿಗೆ ಬರುತ್ತದೆ. ಅದು ಚೀಲಕ್ಕೆ ಬಿದ್ದು, ನಕಾಲಾ ತಲುಪಿ, ಹಡಗಿನಲ್ಲಿ ಮುಂಬಯಿ ಅಥವಾ ಚೆನ್ನೈಗೆ ಬರುವಾಗ ಸೆಪ್ಟೆಂಬರ್‌ನಿಂದ ಡಿಸೆಂಬರ್. ಅಂದರೆ ನಮ್ಮ ಹೊಲದಲ್ಲಿ ತೊಗರಿ ಹೂವು, ಕಾಯಿಯಲ್ಲಿರುವಾಗಲೇ ಅವರ ಕಾಳು ನಮ್ಮ ದೇಶದ ಗೋದಾಮಿಗೆ ಬಂದು ಕುಳಿತಿರುತ್ತದೆ.

ಮಿಲ್ಲಿನವನ ದೃಷ್ಟಿಯಿಂದ ನೋಡಿದರೆ ಇದೊಂದು ಅನುಕೂಲ. ಹಳೆಯ ಮಾಲು ಮುಗಿದು ಹೊಸ ಮಾಲು ಬರುವವರೆಗಿನ ಸಂದಿಯನ್ನು ಆಫ್ರಿಕದ ತೊಗರಿ ತುಂಬುತ್ತದೆ. ಪೇಟೆಯಲ್ಲಿ ಬೇಳೆ ಕೊಳ್ಳುವ ಕೂಲಿಕಾರನ ಮನೆಗೂ ಅನುಕೂಲ. ಆದರೆ ಆ ಮಾಲು ಹೆಚ್ಚಾಗಿ ಬಂದು, ನಮ್ಮ ಬೆಳೆಯೂ ಹುಲುಸಾಗಿ ಬಂದರೆ ಭಾರ ಬೀಳುವುದು ನಮ್ಮ ಬೆಳೆಗಾರನ ಮೇಲೆ.

ಅಲ್ಲಿಯ ಬೆಳೆಗಾರನೂ ದೊಡ್ಡ ಜಮೀನುದಾರನಲ್ಲ. ಹೆಚ್ಚಿನವರು ಒಂದೆರಡು ಹೆಕ್ಟೇರಿನವರು. ಎತ್ತು, ನೇಗಿಲುಗಳಿಗಿಂತ ಕೈಗುದ್ದಲಿಯ ಕೆಲಸವೇ ಹೆಚ್ಚು. ಮಳೆಯನ್ನು ನಂಬಿದ ಬೇಸಾಯ, ಗೊಬ್ಬರ ಹಾಕುವುದು ಅಪರೂಪ. ನಮಗೂ ಅವರಿಗೂ ಇರುವ ದೊಡ್ಡ ವ್ಯತ್ಯಾಸವೆಂದರೆ, ನಾವು ಬೆಳೆದ ತೊಗರಿಯನ್ನು ತಿನ್ನುವ ಜನ ನಮ್ಮ ದೇಶದಲ್ಲೇ ಇದ್ದಾರೆ. ಮೊಜಾಂಬಿಕ್‌ನಲ್ಲಿ ತೊಗರಿ ತಿನ್ನುವ ರೂಢಿ ಕಡಿಮೆ. ಬೆಳೆದದ್ದರಲ್ಲಿ ಬಹುಪಾಲು ಹೊರಗೆ ಹೋಗಬೇಕು, ಮತ್ತು ಅದನ್ನು ಕೊಳ್ಳುವ ದೊಡ್ಡ ಗಿರಾಕಿ ಜಗತ್ತಿನಲ್ಲಿ ಒಬ್ಬನೇ. ಅವನೇ ಭಾರತ.

೨೦೧೬ರ ಒಪ್ಪಂದ

ಒಬ್ಬನೇ ಗಿರಾಕಿಯನ್ನು ನಂಬಿದ ವ್ಯಾಪಾರಿ ಏನು ಮಾಡುತ್ತಾನೆ? "ಇಷ್ಟು ಮಾಲು ಕೊಳ್ಳುತ್ತೇನೆಂದು ಕಾಗದದ ಮೇಲೆ ಬರೆದುಕೊಡು" ಎನ್ನುತ್ತಾನೆ. ಮೊಜಾಂಬಿಕ್‌ಗೆ ಆ ಕಾಗದ ಸಿಕ್ಕಿದ್ದು ೨೦೧೬ರಲ್ಲಿ.

೨೦೧೪ ಮತ್ತು ೨೦೧೫ರಲ್ಲಿ ನಮ್ಮಲ್ಲಿ ಮಳೆ ಕೈಕೊಟ್ಟಿತು. ೨೦೧೫-೧೬ರಲ್ಲಿ ಇಡೀ ದೇಶದ ತೊಗರಿ ಬೆಳೆ ಸುಮಾರು ೨೫.೬ ಲಕ್ಷ ಟನ್ ಮಾತ್ರ. ೨೦೧೫ರ ಅಕ್ಟೋಬರಿನಲ್ಲಿ ತೊಗರಿ ಬೇಳೆ ಪೇಟೆಯಲ್ಲಿ ಕಿಲೋಗೆ ೨೦೦ ರೂಪಾಯಿ ದಾಟಿತು. ಪಟ್ಟಣದ ಜನ ಕೂಗೆಬ್ಬಿಸಿದರು. ಕೇಂದ್ರ ಸರ್ಕಾರ ಹೊರದೇಶಗಳಲ್ಲಿ ಕಾಯಂ ಮೂಲಗಳನ್ನು ಹುಡುಕತೊಡಗಿತು. ನಮ್ಮ ಅಧಿಕಾರಿಗಳ ತಂಡ ಮೊಜಾಂಬಿಕ್‌ಗೆ ಹೋಗಿ ಬಂತು. ೨೦೧೬ರ ಜುಲೈ ೭ರಂದು ಪ್ರಧಾನಿ ನರೇಂದ್ರ ಮೋದಿಯವರು ಮಪುಟೊಗೆ ಭೇಟಿಕೊಟ್ಟಾಗ, ಅಂದಿನ ಅಧ್ಯಕ್ಷ ಫಿಲಿಪೆ ನ್ಯುಸಿಯವರ ಸರ್ಕಾರದೊಡನೆ ಬೇಳೆಕಾಳಿನ ಒಪ್ಪಂದವಾಯಿತು.

ಒಪ್ಪಂದದ ಸಾರಾಂಶ ಇಷ್ಟು. ತೊಗರಿ ಮತ್ತು ಇತರ ಬೇಳೆಕಾಳುಗಳನ್ನು ಖಾಸಗಿ ವರ್ತಕರ ಮೂಲಕ ಅಥವಾ ಎರಡೂ ಸರ್ಕಾರಗಳು ಗೊತ್ತುಮಾಡಿದ ಸಂಸ್ಥೆಗಳ ಮೂಲಕ ಐದು ವರ್ಷ ತರಿಸುವುದು. ೨೦೧೬-೧೭ರಲ್ಲಿ ೧ ಲಕ್ಷ ಟನ್, ಮರುವರ್ಷ ೧.೨೫ ಲಕ್ಷ, ೨೦೧೮-೧೯ರಲ್ಲಿ ೧.೫ ಲಕ್ಷ, ೨೦೧೯-೨೦ರಲ್ಲಿ ೧.೭೫ ಲಕ್ಷ, ೨೦೨೦-೨೧ರಲ್ಲಿ ೨ ಲಕ್ಷ ಟನ್.

ಈ ಅಂಕಿಗಳನ್ನು ಕ್ವಿಂಟಲಿಗೆ ಇಳಿಸಿ ನೋಡಿ. ೨ ಲಕ್ಷ ಟನ್ ಎಂದರೆ ೨೦ ಲಕ್ಷ ಕ್ವಿಂಟಲ್. ನಮ್ಮ ದೇಶ ಬೆಳೆಯುವ ತೊಗರಿಯ ಎದುರಿಗೆ ಇದು ದೊಡ್ಡ ಪಾಲಲ್ಲ. ಮೊಜಾಂಬಿಕ್‌ಗೆ ಮಾತ್ರ ಅದು ಬಹು ದೊಡ್ಡ ಮಾತು. ಭಾರತ ಐದು ವರ್ಷ ಕೊಳ್ಳುತ್ತದೆಂಬ ಸುದ್ದಿ ಹಳ್ಳಿಹಳ್ಳಿಗೆ ಹೋಯಿತು. ನಂಪುಲ, ಜಾಂಬೆಜಿಯಾ ಕಡೆಯ ರೈತರು ತೊಗರಿಯ ವಿಸ್ತೀರ್ಣ ಹೆಚ್ಚಿಸಿದರು.

ಈ ಒಪ್ಪಂದದಲ್ಲಿ ಪ್ರಮಾಣ ಇತ್ತು, ವರ್ಷಗಳಿದ್ದವು. ಆದರೆ ರೈತನ ಕೈಗೆ ಇಷ್ಟು ಬೆಲೆ ಸಿಗುತ್ತದೆಂಬ ಭರವಸೆ ಆ ಅಂಕಿಗಳಲ್ಲಿ ಇರಲಿಲ್ಲ. ಇದನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಓದಿ.

೨೦೧೭ರಲ್ಲಿ ಆದದ್ದು

೨೦೧೬ರ ಮುಂಗಾರು ಚೆನ್ನಾಯಿತು. ಹಿಂದಿನ ವರ್ಷದ ಬೆಲೆ ನೋಡಿದ್ದ ನಮ್ಮ ರೈತರು ಹತ್ತಿ, ಸೋಯಾ ಬಿಟ್ಟು ತೊಗರಿ ಬಿತ್ತಿದ್ದರು. ೨೦೧೬-೧೭ರಲ್ಲಿ ದೇಶದ ತೊಗರಿ ಬೆಳೆ ಸುಮಾರು ೪೮.೭ ಲಕ್ಷ ಟನ್‌ಗೆ ಏರಿತು. ಒಂದೇ ವರ್ಷದಲ್ಲಿ ಹತ್ತಿರ ಹತ್ತಿರ ಎರಡು ಪಟ್ಟು. ಆ ವರ್ಷ ಬೋನಸ್ ಸೇರಿ ಬೆಂಬಲ ಬೆಲೆ ಕ್ವಿಂಟಲಿಗೆ ೫,೦೫೦ ರೂಪಾಯಿ ಇತ್ತು. ಪೇಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗೆ ಹೋಯಿತು. ಖರೀದಿ ಕೇಂದ್ರಗಳ ಮುಂದೆ ಟ್ರ್ಯಾಕ್ಟರುಗಳ ಸಾಲು ನಿಂತದ್ದು, ಗೋಣಿಚೀಲ ಸಾಲದೆ ತೂಕ ನಿಂತದ್ದು, ರಾತ್ರಿಯೆಲ್ಲ ರೈತರು ತಮ್ಮ ಮಾಲಿನ ಮೇಲೆ ಮಲಗಿದ್ದು ನಿಮಗೆ ನೆನಪಿರಬಹುದು.

ರೈತರ ಒತ್ತಾಯ ಹೆಚ್ಚಿದಾಗ ಕೇಂದ್ರ ಸರ್ಕಾರ ೨೦೧೭ರ ಮಾರ್ಚಿನಲ್ಲಿ ತೊಗರಿ ಆಮದಿಗೆ ಶೇಕಡ ೧೦ರ ಸುಂಕ ಹಾಕಿತು. ಅದೇ ವರ್ಷ ಆಗಸ್ಟ್ ೫ರಂದು ಆಮದನ್ನು ನಿರ್ಬಂಧಿಸಿ, ವರ್ಷಕ್ಕೆ ೨ ಲಕ್ಷ ಟನ್ ಮಾತ್ರ ಎಂದು ಮಿತಿ ಹಾಕಿತು. ಇದು ನಮ್ಮ ರೈತನ ದೃಷ್ಟಿಯಿಂದ ಬೇಕಾಗಿದ್ದ ಕ್ರಮ.

ಆದರೆ ಆಗಸ್ಟ್ ೫ ಎಂದರೆ ಮೊಜಾಂಬಿಕ್‌ನಲ್ಲಿ ಯಾವ ಕಾಲ? ಕೊಯ್ಲಿನ ಕಾಲ. ಹೆಚ್ಚು ವಿಸ್ತೀರ್ಣದಲ್ಲಿ ಬಿತ್ತಿದ ಬೆಳೆ ಆಗತಾನೆ ಕಣಕ್ಕೆ ಬರುತ್ತಿತ್ತು. ಭಾರತ ಬಾಗಿಲು ಮುಚ್ಚಿತೆಂಬ ಸುದ್ದಿ ತಲುಪಿದೊಡನೆ ಹಳ್ಳಿಯ ಖರೀದಿದಾರರು ತಕ್ಕಡಿ ಎತ್ತಿಟ್ಟರು. ಕೊಂಡವರು ಹಿಂದಿನ ವರ್ಷದ ಬೆಲೆಯ ಒಂದು ಸಣ್ಣ ಭಾಗವನ್ನಷ್ಟೇ ಕೊಟ್ಟರು. ಮಾರಲಾಗದೆ ಮನೆಯಲ್ಲಿ ಇಟ್ಟ ಕಾಳಿಗೆ ಹುಳು ಬಿತ್ತು.

ಆ ವರ್ಷ ಕಲಬುರಗಿಯ ರೈತನೂ ನಂಪುಲದ ರೈತನೂ ಒಂದೇ ಬೆಳೆಯಿಂದ ನಷ್ಟಕ್ಕೆ ಸಿಕ್ಕಿದರು. ಒಬ್ಬರಿಗೊಬ್ಬರು ವೈರಿಗಳೆಂದು ಇಬ್ಬರಿಗೂ ಅನಿಸಿದ್ದರೆ ಆಶ್ಚರ್ಯವಿಲ್ಲ. ನಿಜವಾಗಿ ನೋಡಿದರೆ ಇಬ್ಬರೂ ಬಿದ್ದದ್ದು ಒಂದೇ ಗುಂಡಿಗೆ. ಹಿಂದಿನ ವರ್ಷದ ಬೆಲೆ ನೋಡಿ ಈ ವರ್ಷ ಬಿತ್ತಿದ್ದು ಇಬ್ಬರೂ ಮಾಡಿದ ಕೆಲಸ.

ರಾಯಭಾರದ ಬಲ ಎಷ್ಟು?

ಇಂಥ ಹೊತ್ತಿನಲ್ಲಿ ದೆಹಲಿಯ ಒಂದು ಆಫ್ರಿಕ ಹೈಕಮಿಷನ್ ಏನು ಮಾಡಬಲ್ಲದು? ನಮ್ಮ ಸರ್ಕಾರದ ಆಜ್ಞೆಯನ್ನು ಅದು ತಡೆಯಲಾರದು. ತನ್ನ ರೈತನ ಕಾಳಿಗೆ ಬೆಲೆಯನ್ನೂ ಕೊಡಿಸಲಾರದು. ಅದರ ಕೈಯಲ್ಲಿ ಇದ್ದದ್ದು ಒಂದೇ, ೨೦೧೬ರ ಕಾಗದ.

ಆ ಕಾಗದ ಉಪಯೋಗಕ್ಕೆ ಬಂತು. ೨೦೧೭ರ ಆಗಸ್ಟಿನ ನಿರ್ಬಂಧದ ಆಜ್ಞೆಯಲ್ಲಿಯೇ, ಬೇರೆ ದೇಶಗಳೊಡನೆ ಸರ್ಕಾರ ಮಾಡಿಕೊಂಡ ಒಪ್ಪಂದಗಳ ಬಾಧ್ಯತೆಗೆ ಈ ಮಿತಿ ಅನ್ವಯಿಸುವುದಿಲ್ಲವೆಂದು ಹೇಳಲಾಗಿತ್ತು. ತಾಂಜಾನಿಯ, ಮಲಾವಿ ದೇಶಗಳಿಗೆ ಆಗ ಇಂಥ ಒಪ್ಪಂದ ಇರಲಿಲ್ಲ. ಅವರ ತೊಗರಿ ಸಾಮಾನ್ಯ ಮಿತಿಯ ಒಳಗೆ ನುಗ್ಗಾಡಬೇಕಾಯಿತು. ಮೊಜಾಂಬಿಕ್‌ನ ಪಾಲು ಬೇರೆಯಾಗಿಯೇ ಉಳಿಯಿತು. ನಿರ್ಬಂಧದ ವರ್ಷಗಳಲ್ಲಿಯೂ ಆ ದೇಶದಿಂದ ಒಪ್ಪಿದ ಪ್ರಮಾಣಕ್ಕೆ ಪ್ರತ್ಯೇಕ ಆಮದು ಅನುಮತಿ ಕೊಡಲಾಗುತ್ತಿತ್ತು.

ಹೀಗೆ ಒಪ್ಪಂದ ಬಾಗಿಲನ್ನು ಪೂರ್ತಿ ಮುಚ್ಚದಂತೆ ತಡೆಯಿತು. ಬೆಲೆ ಕುಸಿಯುವುದನ್ನು ಮಾತ್ರ ತಡೆಯಲಿಲ್ಲ. ರಾಯಭಾರದ ಶಕ್ತಿಯೂ ಅದರ ಮಿತಿಯೂ ಇಲ್ಲಿ ಕಾಣುತ್ತವೆ. ಅದು ಪ್ರಮಾಣಕ್ಕೆ ಮಾತು ಕೊಡಿಸಬಲ್ಲದು. ಧಾರಣೆಗೆ ಮಾತು ಕೊಡಿಸುವುದು ಅದರ ಕೈಮೀರಿದ ಕೆಲಸ. ಧಾರಣೆಯನ್ನು ನಿರ್ಧರಿಸುವುದು ಎರಡೂ ಕಡೆಯ ಮಳೆ, ಬಿತ್ತನೆಯ ವಿಸ್ತೀರ್ಣ ಮತ್ತು ಗೋದಾಮಿನಲ್ಲಿರುವ ದಾಸ್ತಾನು.

ಇನ್ನೊಂದು ಸಣ್ಣ ಆದರೆ ಮುಖ್ಯವಾದ ವಿಷಯ. ತೀರ ಹಿಂದುಳಿದ ದೇಶಗಳ ಮಾಲಿಗೆ ಸುಂಕದ ರಿಯಾಯಿತಿ ಕೊಡುವ ಯೋಜನೆಯನ್ನು ಭಾರತ ೨೦೦೮ರಲ್ಲಿ ಆರಂಭಿಸಿತು. ಮೊಜಾಂಬಿಕ್ ಅದರ ಫಲಾನುಭವಿಗಳಲ್ಲಿ ಒಂದು. ಈ ರಿಯಾಯಿತಿ ಸಿಗಬೇಕಾದರೆ ಮಾಲು ಆ ದೇಶದಲ್ಲೇ ಬೆಳೆದದ್ದೆಂಬ ಮೂಲ ಪ್ರಮಾಣಪತ್ರ ಬೇಕು. ಒಂದು ಸೀಲು ತಪ್ಪಿದರೂ ಮಾಲು ಬಂದರಿನಲ್ಲಿ ನಿಲ್ಲುತ್ತದೆ. ಇಂಥ ಕಾಗದಪತ್ರದ ತೊಡಕುಗಳನ್ನು ಬಿಡಿಸಲು ನೆರವಾಗುವುದೂ ರಾಯಭಾರ ಕಚೇರಿಯ ವಾಣಿಜ್ಯ ವಿಭಾಗದ ಕೆಲಸಗಳಲ್ಲಿ ಸೇರಿದೆ. ಪತ್ರಿಕೆಯಲ್ಲಿ ಇದು ಸುದ್ದಿಯಾಗುವುದಿಲ್ಲ.

೨೦೨೧ರ ನಂತರ

ಕೆಲವೇ ವರ್ಷಗಳಲ್ಲಿ ಗಾಳಿ ಮತ್ತೆ ತಿರುಗಿತು. ಬೇಳೆಯ ಬೆಲೆ ಏರಿದ್ದರಿಂದ ೨೦೨೧ರ ಮೇ ೧೫ರಂದು ಕೇಂದ್ರ ಸರ್ಕಾರ ತೊಗರಿ ಆಮದನ್ನು ಮತ್ತೆ ಮುಕ್ತಗೊಳಿಸಿತು. ಅದೇ ವರ್ಷ ಮೊಜಾಂಬಿಕ್‌ನೊಡನೆ ೨೦೨೧-೨೨ರಿಂದ ೨೦೨೫-೨೬ರವರೆಗೆ ವರ್ಷಕ್ಕೆ ೨ ಲಕ್ಷ ಟನ್ ತೊಗರಿಗೆ ಒಪ್ಪಂದ ಮುಂದುವರಿಯಿತು. ಈ ಸಲ ಮಲಾವಿಯೂ ವರ್ಷಕ್ಕೆ ೫೦,೦೦೦ ಟನ್‌ಗೆ, ಬರ್ಮಾ ದೇಶ ೧ ಲಕ್ಷ ಟನ್ ತೊಗರಿಗೆ ಕಾಗದ ಮಾಡಿಕೊಂಡವು. ೨೦೧೭ರ ಅನುಭವದಿಂದ ಆ ದೇಶಗಳೂ ಪಾಠ ಕಲಿತಂತೆ ಕಾಣುತ್ತದೆ.

ಕಾಗದ ಇದ್ದ ಮಾತ್ರಕ್ಕೆ ಮಾಲು ಬಂದೇಬರುತ್ತದೆ ಎನ್ನುವಂತಿಲ್ಲ. ೨೦೨೩ರ ಮಾರ್ಚಿನಲ್ಲಿ ಫ್ರೆಡ್ಡಿ ಎಂಬ ಚಂಡಮಾರುತ ಜಾಂಬೆಜಿಯಾ ಪ್ರಾಂತಕ್ಕೂ ನೆರೆಯ ಮಲಾವಿಗೂ ಅಪ್ಪಳಿಸಿ ಬೆಳೆ, ಮನೆಗಳನ್ನು ಕೊಚ್ಚಿಹಾಕಿತು. ಅದೇ ವರ್ಷದ ಕೊನೆಯಲ್ಲಿ ಅಲ್ಲಿಯ ರಫ್ತುದಾರರ ನಡುವಿನ ವ್ಯಾಜ್ಯದಿಂದ ಭಾರತಕ್ಕೆ ಬರಬೇಕಾಗಿದ್ದ ದೊಡ್ಡ ಪ್ರಮಾಣದ ತೊಗರಿ ನಕಾಲಾ ಬಂದರಿನಲ್ಲೇ ಉಳಿಯಿತು. ಆಗ ಓಡಾಡಬೇಕಾಗಿ ಬಂದದ್ದು ಮಪುಟೊದಲ್ಲಿರುವ ನಮ್ಮ ಹೈಕಮಿಷನ್. ಮಾಲನ್ನು ಬಿಡಿಸಿ ಕಳುಹಿಸುವಂತೆ ಅದು ಅಲ್ಲಿಯ ಸರ್ಕಾರವನ್ನು ಕೇಳಿಕೊಂಡಿತು. ೨೦೧೭ರಲ್ಲಿ ಕೊಳ್ಳಿರೆಂದು ಅವರು ನಮ್ಮ ಕಡೆ ನೋಡಿದ್ದರು. ೨೦೨೩ರಲ್ಲಿ ಕಳುಹಿಸಿರೆಂದು ನಾವು ಅವರ ಕಡೆ ನೋಡಿದೆವು. ಏಕೆಂದರೆ ಆ ವರ್ಷ ಕಲಬುರಗಿ ಸೀಮೆಯಲ್ಲಿ ಮಳೆ ಕಡಿಮೆಯಾಗಿ ಬೆಳೆ ಸೊರಗಿತ್ತು. ಅದಕ್ಕೂ ಹಿಂದಿನ ಹಂಗಾಮಿನಲ್ಲಿ ನೆಟೆ ರೋಗ ಸಾವಿರಾರು ಎಕರೆಯನ್ನು ಒಣಗಿಸಿತ್ತು.

ತೊಗರಿಯೊಂದೇ ಅಲ್ಲ

ಎರಡು ದೇಶಗಳ ನಡುವೆ ಇರುವ ವ್ಯವಹಾರ ತೊಗರಿಯಷ್ಟೇ ಎಂದು ತಿಳಿಯಬಾರದು. ಮೊಜಾಂಬಿಕ್‌ನ ಉತ್ತರ ತುದಿಯ ಸಮುದ್ರದಡಿ ಇರುವ ರೊವುಮಾ ಅನಿಲ ನಿಕ್ಷೇಪದ ಒಂದು ಭಾಗದಲ್ಲಿ ಭಾರತದ ಮೂರು ಸರ್ಕಾರಿ ತೈಲ ಕಂಪನಿಗಳು ಒಟ್ಟು ಶೇಕಡ ೩೦ ಪಾಲು ಹೊಂದಿವೆ. ೨೦೨೧ರಲ್ಲಿ ಉಗ್ರರ ದಾಳಿಯಿಂದ ಆ ಕೆಲಸ ಹಲವು ವರ್ಷ ನಿಂತಿತ್ತು. ಟೆಟೆ ಪ್ರಾಂತದ ಕಲ್ಲಿದ್ದಲು ಗಣಿಗಳಲ್ಲಿಯೂ ಭಾರತೀಯ ಕಂಪನಿಗಳಿವೆ. ನಮ್ಮಿಂದ ಔಷಧ, ವಾಹನ, ಯಂತ್ರಗಳು ಅಲ್ಲಿಗೆ ಹೋಗುತ್ತವೆ. ೨೦೧೯ರ ಮಾರ್ಚಿನಲ್ಲಿ ಇದಾಯ್ ಚಂಡಮಾರುತ ಬೇಯಿರಾ ನಗರವನ್ನು ಮುಳುಗಿಸಿದಾಗ ಮೊದಲು ನೆರವಿಗೆ ತಲುಪಿದವರಲ್ಲಿ ಭಾರತದ ನೌಕಾಪಡೆಯ ಹಡಗುಗಳಿದ್ದವು.

ಇದನ್ನು ಏಕೆ ಹೇಳಬೇಕಾಯಿತೆಂದರೆ, ರಾಯಭಾರಿಗಳ ಮೇಜಿನ ಮೇಲೆ ತೊಗರಿ ಒಂಟಿಯಾಗಿ ಕುಳಿತಿರುವುದಿಲ್ಲ. ಅನಿಲ, ಕಲ್ಲಿದ್ದಲು, ಸಾಲ, ಸಮುದ್ರದ ಕಾವಲು ಇವೆಲ್ಲವೂ ಅದರ ಪಕ್ಕದಲ್ಲೇ ಇರುತ್ತವೆ. ಭಾರತ ತೊಗರಿಯ ಆಮದನ್ನು ಒಮ್ಮೆಗೇ ಪೂರ್ತಿ ನಿಲ್ಲಿಸಲಿ ಎಂದು ನಾವು ಕೇಳುವಾಗ ಈ ಇತರ ಲೆಕ್ಕಗಳೂ ಸರ್ಕಾರದ ಮುಂದಿರುತ್ತವೆಂಬುದನ್ನು ತಿಳಿದಿರಬೇಕು. ಕೇಳುವುದು ತಪ್ಪೆಂದು ಇದರ ಅರ್ಥವಲ್ಲ. ಏನನ್ನು ಕೇಳಬೇಕು, ಯಾವಾಗ ಕೇಳಬೇಕು ಎಂಬುದು ಗೊತ್ತಿದ್ದರೆ ಕೇಳಿದ್ದಕ್ಕೆ ಫಲ ಸಿಗುತ್ತದೆ.

ನಾವು ಗಮನಿಸಬೇಕಾದ ಸಂಗತಿಗಳು

ಮೊಜಾಂಬಿಕ್‌ನ ರೈತನ ಪರವಾಗಿ ನಮ್ಮ ರಾಜಧಾನಿಯಲ್ಲಿ ಒಂದು ಕಚೇರಿ ಕಣ್ಣಿಟ್ಟು ಕುಳಿತಿದೆ. ನಮ್ಮ ಮಳೆ ಎಷ್ಟಾಯಿತು, ಬಿತ್ತನೆ ಎಷ್ಟಾಯಿತು, ಯಾವ ಆಜ್ಞೆ ಹೊರಟಿತು ಎಂಬುದನ್ನು ಗಮನಿಸಿ ತಿಳಿಸುವುದು ಅದರ ಕರ್ತವ್ಯ. ಆ ಎಚ್ಚರದ ಕಾಲುಪಾಲನ್ನಾದರೂ ನಾವು ಇಟ್ಟುಕೊಳ್ಳಬಾರದೇಕೆ? ಅದಕ್ಕಾಗಿ ಕೆಲವು ಸೂಚನೆಗಳು ಇಲ್ಲಿವೆ.

ಮೊದಲನೆಯದು, ದಿನಾಂಕಗಳ ಕಡೆ ಗಮನ. ಮುಕ್ತ ಆಮದಿನ ಅವಧಿಯನ್ನು ಸರ್ಕಾರ ಸಾಮಾನ್ಯವಾಗಿ ಮಾರ್ಚ್ ೩೧ಕ್ಕೆ ಮುಗಿಯುವಂತೆ ಗೊತ್ತುಮಾಡಿ, ಮತ್ತೆ ವಿಸ್ತರಿಸುತ್ತ ಬಂದಿದೆ. ೨೦೨೬ರ ಮಾರ್ಚ್ ೩೧ರವರೆಗಿನ ವಿಸ್ತರಣೆಯ ನಿರ್ಧಾರ ಹೊರಬಿದ್ದದ್ದು ೨೦೨೫ರ ಜನವರಿಯಲ್ಲಿ, ಅಂದರೆ ನಮ್ಮ ರಾಶಿಯ ಕಾಲದಲ್ಲಿ. ೨೦೨೪ರಲ್ಲಿ ಕ್ವಿಂಟಲಿಗೆ ೧೦,೦೦೦ ರೂಪಾಯಿ ದಾಟಿದ್ದ ಧಾರಣೆ ಆ ಹೊತ್ತಿಗೆ ೭,೫೫೦ ರೂಪಾಯಿಯ ಬೆಂಬಲ ಬೆಲೆಯ ಆಸುಪಾಸಿಗೆ ಇಳಿದಿತ್ತು. ರಾಜ್ಯ ಸರ್ಕಾರ ೪೫೦ ರೂಪಾಯಿ ಸೇರಿಸಿ ೮,೦೦೦ಕ್ಕೆ ಖರೀದಿ ಮಾಡಬೇಕಾಯಿತು. ರೈತ ಸಂಘಟನೆಗಳು ಮನವಿ ಕೊಡುವುದಾದರೆ ರಾಶಿಯಾದ ಮೇಲೆ ಕೊಟ್ಟು ಪ್ರಯೋಜನ ಕಡಿಮೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ, ಬೆಳೆ ಹೂವಿನಲ್ಲಿರುವಾಗಲೇ ಕೊಡಬೇಕು. ಸುಂಕದ ಪ್ರಮಾಣ ನಮ್ಮ ಬೆಂಬಲ ಬೆಲೆಗೆ ಹೊಂದಿಕೊಂಡಿರಲಿ, ಆಮದಿನ ಮಾಲು ಬೆಂಬಲ ಬೆಲೆಗಿಂತ ಅಗ್ಗವಾಗಿ ಬಂದಿಳಿಯದಿರಲಿ ಎಂದು ಸ್ಪಷ್ಟವಾಗಿ ಕೇಳಬೇಕು.

ಎರಡನೆಯದು, ಬಿತ್ತನೆಯ ಲೆಕ್ಕ. ಹೋದ ವರ್ಷ ಬೆಲೆ ಬಂತೆಂದು ಇದ್ದ ಎಕರೆಗಳಿಗೆಲ್ಲ ತೊಗರಿ ಹಾಕಬೇಡಿ. ಬೆಲೆ ಏರಿದ ಸುದ್ದಿ ನಿಮಗೆ ತಲುಪುವ ಹೊತ್ತಿಗೆ ನಂಪುಲಕ್ಕೂ ತಲುಪಿರುತ್ತದೆ. ಸಾಧ್ಯವಿದ್ದ ಕಡೆ ಹೆಸರು, ಉದ್ದು, ಸಜ್ಜೆ ಅಥವಾ ಸೋಯಾ ಜೊತೆ ಅಂತರಬೆಳೆಯಾಗಿ ಬೆಳೆಯಿರಿ. ತೊಗರಿ ಕೈಕೊಟ್ಟರೂ ಅಕ್ಕಡಿಯ ಕಾಳು ಕೈಹಿಡಿಯುತ್ತದೆ.

ಮೂರನೆಯದು, ನೋಂದಣಿ. ಬೆಂಬಲ ಬೆಲೆಯಲ್ಲಿ ಮಾರಬೇಕಾದರೆ ಫ್ರೂಟ್ಸ್ ಗುರುತಿನ ಸಂಖ್ಯೆಯೂ, ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಹೊಲದಲ್ಲಿ ತೊಗರಿ ಎಂದು ಸರಿಯಾಗಿ ದಾಖಲಾಗಿರುವುದೂ ಅಗತ್ಯ. ಆಗಸ್ಟ್, ಸೆಪ್ಟೆಂಬರಿನಲ್ಲಿಯೇ ಇದನ್ನು ಪರೀಕ್ಷಿಸಿಕೊಳ್ಳಿ. ಹೊರದೇಶದ ವ್ಯಾಪಾರಿಗೆ ಮೂಲ ಪ್ರಮಾಣಪತ್ರ ಹೇಗೋ ನಿಮಗೆ ಈ ದಾಖಲೆ ಹಾಗೆ. ಕಾಗದ ಇಲ್ಲದವನ ಮಾಲು ಎಲ್ಲ ಕಡೆಯೂ ಹೊರಗೇ ನಿಲ್ಲುತ್ತದೆ.

ನಾಲ್ಕನೆಯದು, ಗುಣಮಟ್ಟ. ಖರೀದಿ ಕೇಂದ್ರದಲ್ಲಿ ಕಾಳಿನ ತೇವಾಂಶ ಶೇಕಡ ೧೨ ಮೀರಬಾರದು. ರಾಶಿ ಮಾಡಿದ ಕಾಳನ್ನು ತಾಡಪಾಲಿನ ಮೇಲೆ ಚೆನ್ನಾಗಿ ಒಣಗಿಸಿ, ಮಣ್ಣು, ಕಡ್ಡಿ ತೆಗೆದು ಒಯ್ಯಿರಿ. ಗುಲ್ಬರ್ಗಾ ತೊಗರಿ ಬೇಳೆಗೆ ೨೦೧೯ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ನಮ್ಮ ಕಪ್ಪು ಎರೆಭೂಮಿಯ ಬೇಳೆಯ ರುಚಿಗೆ, ಬೇಗ ಬೇಯುವ ಗುಣಕ್ಕೆ ಹೆಸರಿದೆ. ಗಜ್ರಿ ಮಾಲಿನೊಡನೆ ಬೆಲೆಯಲ್ಲಿ ಸ್ಪರ್ಧಿಸುವುದು ಕಷ್ಟ. ಹೆಸರಿನಲ್ಲಿ ಸ್ಪರ್ಧಿಸಬಹುದು. ಆದರೆ ಹೊರಗಿನ ಮಾಲನ್ನು ಬೆರೆಸಿ ಗುಲ್ಬರ್ಗಾ ಬೇಳೆಯೆಂದು ಮಾರುವುದಕ್ಕೆ ಅವಕಾಶ ಕೊಟ್ಟರೆ ಆ ಹೆಸರೂ ಉಳಿಯದು. ರೈತ ಉತ್ಪಾದಕ ಸಂಸ್ಥೆಗಳು ತಮ್ಮದೇ ಬೇಳೆ ಮಾಡಿ ಈ ಗುರುತಿನ ಹೆಸರಿನಲ್ಲಿ ಮಾರುವ ಬಗ್ಗೆ ವಿಚಾರ ಮಾಡಬೇಕು.

ಐದನೆಯದು, ರೋಗದ ಬಗ್ಗೆ ಎಚ್ಚರ. ನಮ್ಮ ಬೆಳೆ ಕೆಟ್ಟಾಗಲೇ ಆಮದಿನ ಬಾಗಿಲು ಅಗಲವಾಗಿ ತೆರೆಯುವುದು. ಬಿತ್ತುವ ಮೊದಲು ಟ್ರೈಕೋಡರ್ಮಾದಿಂದ ಬೀಜೋಪಚಾರ ಮಾಡಿ. ಒಂದೇ ಹೊಲದಲ್ಲಿ ವರ್ಷಗಟ್ಟಲೆ ತೊಗರಿಯನ್ನೇ ಬೆಳೆಯಬೇಡಿ. ನೆಟೆ ರೋಗ ಕಂಡ ಹೊಲದಲ್ಲಿ ಜೋಳದ ಜೊತೆ ಬೆಳೆ ಬದಲಾವಣೆ ಮಾಡಿ. ಟಿಎಸ್-೩ಆರ್, ಜಿಆರ್‌ಜಿ-೮೧೧ ಮುಂತಾದ ತಳಿಗಳಲ್ಲಿ ನಿಮ್ಮ ಭೂಮಿಗೆ ಯಾವುದು ಹೊಂದುತ್ತದೆಂದು ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ ತಿಳಿಯಿರಿ.

ರೈತ ಬಾಂಧವರೇ, ಮೊಜಾಂಬಿಕ್‌ನ ಬೆಳೆಗಾರನ ಮೇಲೆ ನಮಗೆ ಕೋಪ ಬೇಡ. ಅವನೂ ಮಳೆಯ ಮುಖ ನೋಡಿ ಬದುಕುವವನೇ. ಮಾಡಿಕೊಂಡ ಒಪ್ಪಂದ ನಡೆಯಬೇಕು, ಅದರ ಜೊತೆಗೆ ನಮ್ಮ ರಾಶಿಯ ಹೊತ್ತಿಗೆ ಬೆಲೆಯೂ ನಿಲ್ಲಬೇಕು. ಪ್ರಮಾಣದ ಮಾತನ್ನು ರಾಯಭಾರಿಗಳು ಆಡಿಕೊಳ್ಳುತ್ತಾರೆ. ಬೆಲೆಯ ಮಾತನ್ನು ನಾವು ನಮ್ಮ ಸಂಘಗಳ ಮೂಲಕ, ಅಂಕಿಅಂಶ ಕೈಯಲ್ಲಿಟ್ಟುಕೊಂಡು, ಸಕಾಲದಲ್ಲಿ ಆಡಬೇಕು. ಈ ವರ್ಷ ಬಿತ್ತನೆಗೆ ಇಳಿಯುವ ಮೊದಲು ನಿಮ್ಮೂರಿನ ಸಹಕಾರ ಸಂಘದಲ್ಲಿಯೋ ರೈತ ಉತ್ಪಾದಕ ಸಂಸ್ಥೆಯಲ್ಲಿಯೋ ಹತ್ತು ಜನ ಕುಳಿತು ಈ ವಿಷಯ ಚರ್ಚಿಸಿ. ಆಮದಿನ ಆಜ್ಞೆಗಳ ಪ್ರತಿಯನ್ನು ತರಿಸಿ ಒಬ್ಬರು ಓದಿ ಹೇಳಿ, ಉಳಿದವರು ಕೇಳಿ. ಸಂದೇಹ ಬಂದರೆ ನಿಮ್ಮ ಹೋಬಳಿಯ ಕೃಷಿ ಅಧಿಕಾರಿಯನ್ನು ಕರೆಸಿಕೊಳ್ಳಿ.